ವಿಕ್ಟೋರಿಯಾ ಯುಗದ ಬಿಳಿಯ ಮೊಗ

ನಾಟಕಕ್ಕೂ ಚಲನಚಿತ್ರಕ್ಕೂ ಬೇಕಾದ ಮುಖವರ್ಣಿಕೆಯನ್ನೂ ಕೇಶವಿನ್ಯಾಸವನ್ನೂ ಕ್ರಮವಾಗಿ ಕಲಿಸುವ ವಿದ್ಯಾಲಯಗಳು ಇಂದು ಅನೇಕವಿವೆ. ಅಲ್ಲಿಯ ವಿದ್ಯಾರ್ಥಿಗಳಿಗೆ ಕೊಡುವ ಅಭ್ಯಾಸಗಳಲ್ಲಿ ಒಂದು ನಮ್ಮ ಕುತೂಹಲವನ್ನು ಕೆರಳಿಸುವಂಥದು. ಇಂಗ್ಲೆಂಡಿನ ವಿಕ್ಟೋರಿಯಾ ರಾಣಿಯ ಕಾಲದ ಸುಂದರಿಯೊಬ್ಬಳ ಮುಖವನ್ನು ವಿದ್ಯಾರ್ಥಿಯು ಮೊದಲು ರೂಪಿಸಬೇಕು. ಆಮೇಲೆ ಅದೇ ಕಾಲದ ಭಯಾನಕ ಕಥೆಗಳಿಂದ, ಎಂದರೆ ‘ಗಾಥಿಕ್’ ಎಂದು ಹೆಸರಾದ ಕಥಾಪ್ರಕಾರದಿಂದ, ಒಂದು ಮುಖವನ್ನು ಆರಿಸಿಕೊಂಡು ರೂಪಿಸಬೇಕು. ಸೌಂದರ್ಯವೂ ಭೀತಿಯೂ ಒಂದೇ ಪಾಠದಲ್ಲಿ ಏಕೆ ಸೇರಿಕೊಂಡುವು ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ.

ನಮ್ಮ ರೂಢಿಯಿಂದ ನೋಡಿದರೆ ಈ ಜೋಡಣೆ ವಿಚಿತ್ರವೇ ಸರಿ. ಭರತನ ನಾಟ್ಯಶಾಸ್ತ್ರವು ರಸಗಳಿಗೆ ಬಣ್ಣಗಳನ್ನು ಹೇಳುವಾಗ ಶೃಂಗಾರಕ್ಕೆ ಶ್ಯಾಮವನ್ನೂ ಭಯಾನಕಕ್ಕೆ ಕಪ್ಪನ್ನೂ ಬೀಭತ್ಸಕ್ಕೆ ನೀಲವನ್ನೂ ಬೇರೆ ಬೇರೆಯಾಗಿ ಹಂಚಿಕೊಟ್ಟಿದೆ. ತೆಂಕುತಿಟ್ಟಿನ ಚೌಕಿಯಲ್ಲಿ ಬಣ್ಣದ ವೇಷದವನು ಅಕ್ಕಿಹಿಟ್ಟು ಸುಣ್ಣಗಳ ಚಿಟ್ಟಿಯನ್ನು ಗಂಟೆಗಟ್ಟಲೆ ಕುಳಿತು ಇಡುತ್ತಿರುವಾಗ, ಪಕ್ಕದಲ್ಲಿಯೇ ಸ್ತ್ರೀವೇಷದವನು ಕಾಡಿಗೆ ತೀಡಿ ತುರುಬು ಕಟ್ಟಿ ಎದ್ದುಬಿಡುತ್ತಾನೆ. ರಕ್ಕಸನನ್ನು ಕಂಡು ನಾಯಿಕೆಯೆಂದು ಭ್ರಮಿಸುವ ಪ್ರೇಕ್ಷಕನಿಲ್ಲ. ಆಂಗ್ಲರ ಹತ್ತೊಂಬತ್ತನೆಯ ಶತಮಾನದಲ್ಲಿ ಸಂಗತಿ ಬೇರೆ. ಅಲ್ಲಿ ಸುಂದರಿಯ ಲಕ್ಷಣಗಳೂ ಪಿಶಾಚಿಯ ಲಕ್ಷಣಗಳೂ ಹೆಚ್ಚುಕಡಮೆ ಒಂದೇ ಆಗಿವೆ: ನೆತ್ತರು ಬತ್ತಿದಂತಹ ಬಿಳುಪು, ಅದರ ನಡುವೆ ಎದ್ದು ಕಾಣುವ ಕೆಂದುಟಿ, ಹೊಳೆಯುವ ದೊಡ್ಡ ಕಣ್ಣು, ನೀಳವಾದ ಕೂದಲು. ಇದು ಹೇಗಾಯಿತೆಂದು ವಿಚಾರಿಸುತ್ತ ಹೋದರೆ ಬಣ್ಣದ ಪೆಟ್ಟಿಗೆಯ ಚರಿತ್ರೆಯು ನಮ್ಮನ್ನು ರೋಗದ ಚರಿತ್ರೆಯೊಳಕ್ಕೂ ವಿಷದ ಚರಿತ್ರೆಯೊಳಕ್ಕೂ ಕರೆದೊಯ್ಯುತ್ತದೆ. ವಾರ್ಷಿಕೋತ್ಸವದ ದಿನ ಮಕ್ಕಳ ಮುಖಕ್ಕೆ ಬಣ್ಣ ಹಚ್ಚುವ ಕೆಲಸ ಹೇಗೂ ಅಧ್ಯಾಪಕರ ಪಾಲಿಗೇ ಬರುತ್ತದಾದುದರಿಂದ, ಈ ವಿಚಾರಣೆ ನಮ್ಮವರಿಗೆ ತೀರ ನಿರುಪಯುಕ್ತವಾಗಲಾರದು.

ವಿಕ್ಟೋರಿಯಾ ರಾಣಿಯು ೧೮೩೭ರಿಂದ ೧೯೦೧ರವರೆಗೆ ಆಳಿದಳು. ಇಷ್ಟು ದೀರ್ಘಕಾಲದಲ್ಲಿ ಉಡುಪಿನ ರೀತಿಗಳು ಹಲವು ಸಲ ಬದಲಾದರೂ ಮುಖದ ವಿಷಯದಲ್ಲಿ ಒಂದು ಕಟ್ಟುಪಾಡು ಬಹುಮಟ್ಟಿಗೆ ಸ್ಥಿರವಾಗಿತ್ತು. ಕುಲೀನೆಯಾದವಳು ಬಣ್ಣ ಹಚ್ಚಿಕೊಳ್ಳಬಾರದು; ಬಣ್ಣವೇನಿದ್ದರೂ ನಟಿಯರದು, ಬೀದಿಯ ಹೆಂಗಸರದು. ಆದರೆ ಅವಳು ಬೆಳ್ಳಗೂ ಇರಬೇಕು, ಬಿಸಿಲಿನಲ್ಲಿ ದುಡಿಯುವವಳಲ್ಲವೆಂಬುದು ಮುಖ ನೋಡಿದೊಡನೆ ತಿಳಿಯಬೇಕು. ಬಣ್ಣ ಹಚ್ಚಬಾರದು, ಬೆಳ್ಳಗೆ ಕಾಣಬೇಕು ಎಂಬ ಈ ಎರಡು ವಿಧಿಗಳ ಇಕ್ಕಟ್ಟಿನಲ್ಲಿ ಸಿಕ್ಕ ಹೆಣ್ಣು ಹೊರಗೆ ಕೊಡೆ, ಮುಸುಕು, ಕೈಗವಸುಗಳನ್ನು ಧರಿಸಿದಳು; ಒಳಗೆ ಅಕ್ಕಿಯ ನಯವಾದ ಹಿಟ್ಟನ್ನು ಯಾರಿಗೂ ಕಾಣದಷ್ಟು ತೆಳ್ಳಗೆ ಸವರಿಕೊಂಡಳು; ಅತಿಥಿಗಳ ಎದುರಿಗೆ ಬರುವ ಮುನ್ನ ಕೆನ್ನೆಯನ್ನು ಚಿವುಟಿ ತುಟಿಯನ್ನು ಕಚ್ಚಿ ಕೆಂಪೇರಿಸಿಕೊಂಡಳು. ಐರ್ಲೆಂಡಿನಲ್ಲಿ ಹುಟ್ಟಿ, ನರ್ತಕಿಯಾಗಿ ಯೂರೋಪಿನಲ್ಲೆಲ್ಲ ಹೆಸರಾಗಿ, ಬವೇರಿಯದ ಅರಸನ ಒಲವನ್ನು ಪಡೆದ ಲೋಲಾ ಮಾಂಟೆಜ್ ಎಂಬವಳು ೧೮೫೮ರಲ್ಲಿ ಸೌಂದರ್ಯಕಲೆಗಳನ್ನು ಕುರಿತು ಒಂದು ಪುಸ್ತಕವನ್ನೇ ಪ್ರಕಟಿಸಿದಳು. ರಂಗದ ಹೆಣ್ಣಾದ ಅವಳೂ ಕೂಡ ಮುಖಕ್ಕೆ ಬಿಳಿ ಮೆತ್ತುವುದನ್ನು ಬಲವಾಗಿ ಖಂಡಿಸಿದ್ದಾಳೆ!

ಖಂಡಿಸಲು ಕಾರಣವಿತ್ತು. ಹಳೆಯ ಕಾಲದ ಬಿಳಿ ಬಣ್ಣವೆಂದರೆ ಸೀಸದ ಸಫೇತ. ಅದು ಚರ್ಮಕ್ಕೆ ಚೆನ್ನಾಗಿ ಹಿಡಿಯುತ್ತಿತ್ತು, ಜೊತೆಗೆ ಮೈಯೊಳಕ್ಕೂ ಇಳಿಯುತ್ತಿತ್ತು. ಕೈಕಾಲುಗಳ ಬಲ ಉಡುಗುವುದು, ಹೊಟ್ಟೆನೋವು, ಕೊನೆಗೆ ಮರಣ. ಮುತ್ತಿನ ಬಿಳಿಯೆಂದು ಮಾರುತ್ತಿದ್ದ ಬಿಸ್ಮತ್ ಲೋಹದ ಪುಡಿ ಅಷ್ಟು ಘೋರವಲ್ಲದಿದ್ದರೂ ಅದಕ್ಕೆ ಇನ್ನೊಂದು ದೋಷವಿತ್ತು. ಕಲ್ಲಿದ್ದಲ ಗ್ಯಾಸಿನಲ್ಲಿರುವ ಗಂಧಕದ ಅಂಶ ತಗಲಿದರೆ ಅದು ಕಪ್ಪಾಗುತ್ತಿತ್ತು. ಗ್ಯಾಸಿನ ದೀಪ ಉರಿಯುವ ಕೋಣೆಯಲ್ಲಿ ಬೆಳ್ಳಗೆ ಕುಳಿತಿದ್ದವಳ ಮುಖ ನೋಡುನೋಡುತ್ತಿದ್ದಂತೆ ಬೂದುಬಣ್ಣಕ್ಕೆ ತಿರುಗಬಹುದಾಗಿತ್ತು. ಕಣ್ಣನ್ನು ದೊಡ್ಡದಾಗಿ ಕಾಣಿಸಲು ಬೆಲ್ಲಡೋನ ಎಂಬ ಗಿಡದ ರಸವನ್ನು ಹನಿಸಿಕೊಳ್ಳುವ ಪದ್ಧತಿಯೂ ಇತ್ತು. ಇಟಲಿಯ ಭಾಷೆಯಲ್ಲಿ ಆ ಹೆಸರಿಗೆ ಸುಂದರಿ ಎಂದೇ ಅರ್ಥ. ಇದು ನಮ್ಮ ಉಮ್ಮತ್ತಿಯ ಬಂಧು. ಇದರೊಳಗಿನ ವಿಷ ಕಣ್ಣಿನ ಪಾಪೆಯನ್ನು ಅರಳಿಸುತ್ತದೆ. ಹೀಗೆ ಅರಳಿದ ಕಣ್ಣು ಎದುರಿನವರಿಗೆ ಆಳವಾಗಿ, ಭಾವಪೂರ್ಣವಾಗಿ ಕಾಣುವುದೇನೋ ನಿಜ. ಆ ಕಣ್ಣಿನವಳಿಗೆ ಮಾತ್ರ ಹತ್ತಿರದ ಅಕ್ಷರ ಕಾಣಿಸದು, ಬೆಳಕನ್ನು ಸಹಿಸಲಾಗದು.

ಇವೆಲ್ಲಕ್ಕಿಂತ ಹೆಸರಾದುದು ಪಾಷಾಣ. ಆಸ್ಟ್ರಿಯದ ಸ್ಟಿರಿಯ ಪ್ರಾಂತದ ರೈತರು ಅದನ್ನು ಸ್ವಲ್ಪಸ್ವಲ್ಪವಾಗಿ ತಿಂದು ಮೈಕಾಂತಿಯನ್ನು ಪಡೆಯುತ್ತಾರೆಂಬ ವರದಿಗಳು ೧೮೫೦ರ ದಶಕದಲ್ಲಿ ಇಂಗ್ಲಿಷ್ ಪತ್ರಿಕೆಗಳಲ್ಲಿ ಹಬ್ಬಿದುವು. ಮೈಬಣ್ಣ ತಿಳಿಯಾಗಲೆಂದು ಪಾಷಾಣದ ಬಿಲ್ಲೆಗಳನ್ನು ಜಾಹೀರಾತು ಕೊಟ್ಟು ಮಾರುವ ಕಾಲವೂ ಆ ಶತಮಾನದ ಕೊನೆಗೆ ಬಂದಿತು. ಗ್ಲಾಸ್ಗೋ ನಗರದ ಮಡಲಿನ್ ಸ್ಮಿತ್ ಎಂಬ ತರುಣಿಯ ಮೇಲೆ ೧೮೫೭ರಲ್ಲಿ ಪ್ರಿಯಕರನಿಗೆ ವಿಷವಿಕ್ಕಿದಳೆಂಬ ಮೊಕದ್ದಮೆ ನಡೆದಾಗ, ತಾನು ಪಾಷಾಣವನ್ನು ಕೊಂಡದ್ದು ಮುಖಕ್ಕೂ ತೋಳುಗಳಿಗೂ ಹಚ್ಚಿಕೊಳ್ಳಲಿಕ್ಕೆಂದು ಆಕೆ ಹೇಳಿದಳು. ಅಪರಾಧ ಸಿದ್ಧವಾಗಲಿಲ್ಲವೆಂದು ತೀರ್ಪಾಯಿತು. ಲಿವರ್‌ಪೂಲಿನ ಫ್ಲಾರೆನ್ಸ್ ಮೇಬ್ರಿಕ್ ೧೮೮೯ರಲ್ಲಿ ಇಂಥದೇ ಮಾತನ್ನು ಹೇಳಿದಳು: ನೊಣದ ಕಾಗದವನ್ನು ನೀರಿನಲ್ಲಿ ನೆನೆಯಿಟ್ಟದ್ದು ಮುಖಕ್ಕಾಗಿ. ಅವಳಿಗೆ ಮರಣದಂಡನೆಯಾಗಿ, ಅದು ಸೆರೆವಾಸಕ್ಕೆ ಇಳಿದು, ೧೯೦೪ರಲ್ಲಿ ಬಿಡುಗಡೆಯಾಯಿತು. ಇವರಿಬ್ಬರಲ್ಲಿ ಯಾರು ನಿಜ ಹೇಳಿದರೆಂಬುದು ನ್ಯಾಯವಾದಿಗಳ ವಿಷಯ. ನಮಗೆ ಗಮನಾರ್ಹವಾದುದು ಇಷ್ಟೆ: ಕೊಲೆಯ ವಿಷವನ್ನು ಸೌಂದರ್ಯಸಾಧನವೆಂದು ಹೇಳಿಕೊಂಡರೆ ನಂಬಬಹುದಾದ ಸಮಾಜ ಅದಾಗಿತ್ತು.

ಲಂಡನ್ನಿನ ನ್ಯೂ ಬಾಂಡ್ ಬೀದಿಯಲ್ಲಿ ಮೇಡಮ್ ರೇಚಲ್ ಎಂಬವಳ ಅಂಗಡಿಯಿತ್ತು. ಎಂದೆಂದಿಗೂ ಸುಂದರಿಯಾಗಿ ಉಳಿಸುವೆನೆಂಬುದು ಅವಳ ಘೋಷಣೆ. ಸಹಾರಾ ಮರುಭೂಮಿಯ ಕಲ್ಲಿನ ಇಬ್ಬನಿಯೆಂದು ನೀರನ್ನು ಮಾರಿದ ಈ ಸಾಹಸಿಗೆ ೧೮೬೮ರಲ್ಲಿ ವಂಚನೆಗಾಗಿ ಐದು ವರ್ಷಗಳ ಶಿಕ್ಷೆಯಾಯಿತು. ಬಿಡುಗಡೆಯಾಗಿ ಬಂದವಳು ಮತ್ತೆ ಅದೇ ವ್ಯಾಪಾರಕ್ಕಿಳಿದು, ಮತ್ತೆ ಸೆರೆಗೆ ಬಿದ್ದು, ಅಲ್ಲಿಯೇ ೧೮೮೦ರಲ್ಲಿ ಸತ್ತಳು.

ಇರಲಿ. ಇಷ್ಟೊಂದು ಕಷ್ಟಪಟ್ಟು ಸಾಧಿಸಬೇಕೆಂದಿದ್ದ ಆ ಮುಖ ಮೂಲತಃ ಯಾರದು? ಬಿಳಿಚಿದ ಚರ್ಮದ ಕೆಳಗೆ ನೀಲಿಯ ನರಗಳು ಕಾಣುವುದು, ಸಂಜೆಯ ಹೊತ್ತಿಗೆ ಕೆನ್ನೆಯ ಎಲುಬಿನ ಮೇಲೆ ಕೆಂಪು ಮೂಡುವುದು, ತುಟಿ ಕೆಂಪಾಗುವುದು, ಕಣ್ಣು ಜ್ವರದಿಂದ ಹೊಳೆಯುವುದು, ಕತ್ತು ತೆಳ್ಳಗಾಗುವುದು — ವೈದ್ಯರನ್ನು ಕೇಳಿದರೆ ಇವು ಕ್ಷಯರೋಗದ ಚಿಹ್ನೆಗಳೆಂದು ಹೇಳಿಯಾರು. ಆ ಕಾಲದ ಯೂರೋಪಿನಲ್ಲಿ ಕ್ಷಯದಷ್ಟು ಯುವಜನರನ್ನು ಬಲಿ ತೆಗೆದುಕೊಂಡ ರೋಗಗಳು ವಿರಳ. ಅದು ಅಂಟುರೋಗವೆಂಬ ಅರಿವು ಇಂಗ್ಲೆಂಡಿನಲ್ಲಿ ಬೇರೂರಿರಲಿಲ್ಲ. ಕುಲದಿಂದ ಬರುವುದೆಂದೂ, ನವುರಾದ ಮನಸ್ಸಿನವರನ್ನೂ ಪ್ರತಿಭಾವಂತರನ್ನೂ ಹುಡುಕಿಕೊಂಡು ಬರುವುದೆಂದೂ ಜನ ಭಾವಿಸಿದ್ದರು. ಮನೆಯಲ್ಲಿ ಹೆಣ್ಣುಮಗಳೊಬ್ಬಳು ಕರಗುತ್ತಿದ್ದಾಗ, ಅವಳು ದಿನದಿನಕ್ಕೂ ಸುಂದರಿಯಾಗುತ್ತಿದ್ದಾಳೆಂದು ಹೇಳಿಕೊಳ್ಳುವುದು ಆ ದುಃಖವನ್ನು ತಡೆದುಕೊಳ್ಳುವ ಒಂದು ಉಪಾಯವೂ ಆಗಿದ್ದಿರಬೇಕು. ಆಮೇಲೆ ಆರೋಗ್ಯವಂತರೂ ಆ ರೂಪವನ್ನು ಬಯಸತೊಡಗಿದರು. ಬರ್ಲಿನ್ನಿನಲ್ಲಿ ರಾಬರ್ಟ್ ಕೋಕ್ ಮಹಾಶಯನು ೧೮೮೨ರ ಮಾರ್ಚ್ ೨೪ರಂದು ಈ ರೋಗದ ಕ್ರಿಮಿಯನ್ನು ಕಂಡುಹಿಡಿದುದಾಗಿ ಸಾರಿದ ಬಳಿಕವೇ ಅದರ ಸುತ್ತಲಿನ ಮಾಯೆ ಕ್ರಮವಾಗಿ ಕಳಚಿತು. ಇಂದು ವಿಕ್ಟೋರಿಯಾ ಯುಗದ ಸುಂದರಿಯನ್ನು ಚಿತ್ರಿಸಲು ಹೊರಟ ವಿದ್ಯಾರ್ಥಿ, ತನಗೆ ತಿಳಿದಿರಲಿ ತಿಳಿಯದಿರಲಿ, ಒಬ್ಬ ರೋಗಿಯ ಮುಖವನ್ನೇ ನಕಲು ಮಾಡುತ್ತಿರುತ್ತಾನೆ.

ಇನ್ನು ಕೂದಲಿನ ಮಾತು. ಹುಡುಗಿಯು ಹದಿನೇಳು ಹದಿನೆಂಟರ ಪ್ರಾಯಕ್ಕೆ ಬರುವವರೆಗೆ ಕೂದಲನ್ನು ಇಳಿಬಿಡಬಹುದು. ಆಮೇಲೆ ಎತ್ತಿ ಕಟ್ಟಬೇಕು. ಅಂದಿನಿಂದ ಅವಳ ಬಿಚ್ಚಿದ ಕೂದಲನ್ನು ಮಲಗುವ ಮನೆಯ ಹೊರಗೆ ಯಾರೂ ನೋಡುವಂತಿಲ್ಲ. ೧೮೪೦ರ ಸುಮಾರಿಗೆ ನಡುಬೈತಲೆ ತೆಗೆದು, ಎರಡೂ ಬದಿ ನುಣ್ಣಗೆ ಬಾಚಿ ಕಿವಿಯನ್ನು ಮುಚ್ಚಿ, ಹಿಂದೆ ಸುತ್ತುತುರುಬು ಹಾಕುವ ರೂಢಿ. ೧೮೬೦ರಲ್ಲಿ ತುರುಬು ಕೆಳಗಿಳಿದು ದೊಡ್ಡದಾಗಿ ಬಲೆಯೊಳಗೆ ಕುಳಿತಿತು. ೧೮೭೦ರಲ್ಲಿ ಮೇಲಕ್ಕೇರಿ ಜಲಪಾತದಂತೆ ಬೆನ್ನಿಗಿಳಿಯಿತು. ಮುಂದಿನ ದಶಕದಲ್ಲಿ ಹಣೆಯ ಮೇಲೆ ಮುಂಗುರುಳು ಬಂದಿತು. ಪ್ಯಾರಿಸಿನ ಮಾರ್ಸೆಲ್ ಗ್ರಾಟೋ ಎಂಬವನು ಬಿಸಿ ಇಕ್ಕುಳದಿಂದ ಕೂದಲಿನಲ್ಲಿ ಅಲೆಗಳನ್ನೆಬ್ಬಿಸುವ ವಿಧಾನವನ್ನು ರೂಢಿಗೆ ತಂದದ್ದೂ ಈ ಕಾಲದಲ್ಲಿಯೇ. ಗಂಡಸರು ತಲೆಗೆ ಹಚ್ಚುತ್ತಿದ್ದ ಮಕಾಸರ್ ಎಣ್ಣೆಯ ಜಿಡ್ಡು ಕುರ್ಚಿಗೆ ತಗಲದಿರಲೆಂದು ಒರಗುವ ಕಡೆ ಹಾಸಿದ ಕಸೂತಿಬಟ್ಟೆ ಇಂದಿಗೂ ನಮ್ಮ ಹಳೆಯ ಮನೆಗಳ ಕುರ್ಚಿಗಳ ಮೇಲೆ ಉಳಿದಿದೆ. ಅದರ ಹುಟ್ಟು ಅಲ್ಲಿ.

ಅಷ್ಟು ದೊಡ್ಡ ತುರುಬುಗಳಿಗೆ ಸ್ವಂತ ಕೂದಲು ಸಾಲುತ್ತಿರಲಿಲ್ಲ, ಚವರಿ ಬೇಕಾಗುತ್ತಿತ್ತು. ಅದು ಬರುತ್ತಿದ್ದುದು ಬಡವರ ತಲೆಗಳಿಂದ. ಫ್ರಾನ್ಸಿನ ಬ್ರಿಟನಿ ಪ್ರಾಂತದ ಜಾತ್ರೆಗಳಲ್ಲಿ ರೈತರ ಹೆಣ್ಣುಮಕ್ಕಳು ವ್ಯಾಪಾರಿಯ ಕತ್ತರಿಗೆ ತಲೆಯೊಡ್ಡಿ, ಬೋಳಾದ ತಲೆಯನ್ನು ಟೊಪ್ಪಿಗೆಯೊಳಗೆ ಮುಚ್ಚಿಕೊಂಡು ಮನೆಗೆ ಹೋಗುತ್ತಿದ್ದರು. ಥಾಮಸ್ ಹಾರ್ಡಿಯು ೧೮೮೭ರಲ್ಲಿ ಪ್ರಕಟಿಸಿದ ಕಾಡುವಾಸಿಗಳ ಕಾದಂಬರಿಯ ಮೊದಲಲ್ಲೇ, ಕ್ಷೌರಿಕನೊಬ್ಬ ಶ್ರೀಮಂತಳಿಗಾಗಿ ಬಡ ಹುಡುಗಿಯ ಕೂದಲಿಗೆ ಎರಡು ಪವನು ಕೊಡುವುದಾಗಿ ಬರುತ್ತಾನೆ.

ಆದರೆ ಕೂದಲಿನ ಅಲಂಕಾರದಲ್ಲಿ ನಾವು ಮರೆಯಬಾರದ ಸಂಗತಿಯೆಂದರೆ ಹಸುರು ಎಲೆಗಳದು. ನೃತ್ಯಕೂಟಗಳಿಗೆ ಹೋಗುವ ಹೆಂಗಸರು ತಲೆಗೆ ಕೃತಕ ಹೂವು ಎಲೆಗಳ ಮಾಲೆಯನ್ನು ಮುಡಿಯುತ್ತಿದ್ದರು. ಆ ಎಲೆಗಳ ಉಜ್ಜ್ವಲ ಹಸುರು ಪಾಷಾಣ ಮತ್ತು ತಾಮ್ರಗಳಿಂದಾದ ಬಣ್ಣ. ಅದನ್ನು ಪುಡಿಯಾಗಿ ಎಲೆಗಳ ಮೇಲೆ ಉದುರಿಸುವ ಕೆಲಸ ಲಂಡನ್ನಿನ ಹುಡುಗಿಯರದು. ಅವರಲ್ಲಿ ಮಟಿಲ್ಡಾ ಶೂರರ್ ಎಂಬ ಹತ್ತೊಂಬತ್ತು ವಯಸ್ಸಿನವಳು ೧೮೬೧ರ ನವೆಂಬರಿನಲ್ಲಿ ಸತ್ತಳು. ಅವಳು ಹಸುರು ನೀರನ್ನು ವಾಂತಿ ಮಾಡಿದಳೆಂದೂ, ಕಣ್ಣಿನ ಬಿಳಿಭಾಗ ಹಸುರಾಗಿತ್ತೆಂದೂ, ನೋಡಿದ್ದೆಲ್ಲ ಹಸುರಾಗಿ ಕಾಣುತ್ತಿದೆಯೆಂದು ಹೇಳಿದಳೆಂದೂ ಪತ್ರಿಕೆಗಳು ಬರೆದುವು. ರಸಾಯನಶಾಸ್ತ್ರಜ್ಞನಾದ ಹಾಫ್‌ಮನ್ನನು ಅಂತಹ ಎಲೆಗಳನ್ನು ಪರೀಕ್ಷಿಸಿ ೧೮೬೨ರ ಫೆಬ್ರವರಿಯಲ್ಲಿ ವರದಿಯಿತ್ತನು. ಅದೇ ತಿಂಗಳು ಪಂಚ್ ಪತ್ರಿಕೆಯಲ್ಲಿ ಒಂದು ವ್ಯಂಗ್ಯಚಿತ್ರ ಬಂದಿತು: ಉಡುಪು ತೊಟ್ಟ ಒಂದು ಅಸ್ಥಿಪಂಜರ, ಮಾಲೆ ಮುಡಿದ ಮತ್ತೊಂದು ಅಸ್ಥಿಪಂಜರವನ್ನು ನೃತ್ಯಕ್ಕೆ ಕರೆಯುತ್ತಿದೆ. ಭಯಾನಕ ಕಥೆಗಾರರು ಕಲ್ಪಿಸುವುದಕ್ಕೆ ಹೆಚ್ಚೇನೂ ಉಳಿದಿರಲಿಲ್ಲ.

ಆ ತಿಂಗಳಿನಲ್ಲಿಯೇ ಲಂಡನ್ನಿನಲ್ಲಿ ಇನ್ನೊಂದು ಸಾವೂ ಸಂಭವಿಸಿತು. ಎಲಿಜಬೆತ್ ಸಿಡಲ್ ಟೊಪ್ಪಿಗೆಯ ಅಂಗಡಿಯಲ್ಲಿ ಕೆಲಸಕ್ಕಿದ್ದವಳು. ಅವಳ ಕೆಂಗೂದಲು ಚಿತ್ರಕಾರರನ್ನು ಸೆಳೆಯಿತು. ಮಿಲೇ ಎಂಬ ಚಿತ್ರಕಾರನು ನೀರಿನಲ್ಲಿ ಮುಳುಗಿ ಸಾಯುತ್ತಿರುವ ಒಫೀಲಿಯಳನ್ನು ಬರೆಯಲು ಅವಳನ್ನು ಚಳಿಗಾಲದಲ್ಲಿ ಸ್ನಾನದ ತೊಟ್ಟಿಯಲ್ಲಿ ಮಲಗಿಸಿದನು. ನೀರನ್ನು ಬೆಚ್ಚಗಿಡಲು ಕೆಳಗಿಟ್ಟಿದ್ದ ದೀಪಗಳು ಆರಿದುವು, ಚಿತ್ರಕಾರನಿಗೆ ಗೊತ್ತಾಗಲಿಲ್ಲ, ಹುಡುಗಿ ಕಾಯಿಲೆ ಬಿದ್ದಳು, ತಂದೆ ವೈದ್ಯರ ಖರ್ಚನ್ನು ಕೇಳಿದನು. ೧೮೫೨ರಲ್ಲಿ ಪ್ರದರ್ಶಿತವಾದ ಆ ಚಿತ್ರ ಇಂದಿಗೂ ಪ್ರಸಾಧಕರ ಪಾಲಿಗೆ ಮೊದಲ ಪಾಠದಂತಿದೆ. ಆಕೆ ಕವಿಯೂ ಚಿತ್ರಕಾರನೂ ಆದ ರೊಸೆಟ್ಟಿಯನ್ನು ೧೮೬೦ರಲ್ಲಿ ಮದುವೆಯಾಗಿ, ಸತ್ತ ಮಗುವನ್ನು ಹೆತ್ತು, ೧೮೬೨ರ ಫೆಬ್ರವರಿ ೧೧ರಂದು ಅಫೀಮಿನ ದ್ರಾವಣದಿಂದ ಪ್ರಾಣಬಿಟ್ಟಳು. ಗಂಡನು ತನ್ನ ಕವಿತೆಗಳ ಹಸ್ತಪ್ರತಿಯನ್ನು ಅವಳ ಕೂದಲ ಬಳಿ ಶವಪೆಟ್ಟಿಗೆಯಲ್ಲಿಟ್ಟನು. ಏಳು ವರ್ಷಗಳ ಮೇಲೆ ಮನಸ್ಸು ಬದಲಾಗಿ, ೧೮೬೯ರ ಅಕ್ಟೋಬರಿನಲ್ಲಿ ಗೋರಿಯನ್ನು ತೆರೆಸಿ ಅದನ್ನು ಹಿಂದಕ್ಕೆ ಪಡೆದನು. ತೆರೆದಾಗ ಅವಳ ಸೌಂದರ್ಯ ಕೆಟ್ಟಿರಲಿಲ್ಲವೆಂದೂ, ಕೂದಲು ಬೆಳೆದು ಪೆಟ್ಟಿಗೆಯನ್ನೆಲ್ಲ ತುಂಬಿತ್ತೆಂದೂ ಕಥೆ ಹುಟ್ಟಿತು. ಸತ್ತವರ ಕೂದಲು ಬೆಳೆಯುವುದಿಲ್ಲ. ಆದರೆ ಜನ ನಂಬಿದರು. ಹೆಂಗಸಿನ ಬಿಚ್ಚಿದ ಕೂದಲಿಗೆ ಸಾವಿಗಿಂತ ಹೆಚ್ಚಿನ ಶಕ್ತಿಯಿದೆಯೆಂಬ ಅಂಜಿಕೆ ಆ ಸಮಾಜದ ಆಳದಲ್ಲಿತ್ತು. ದ್ರೌಪದಿಯ ಮುಡಿಯ ಕಥೆಯನ್ನು ಬಲ್ಲ ನಮಗೆ ಇದು ತೀರ ಅಪರಿಚಿತವಲ್ಲ.

ಶೋಕವೂ ಆಗ ಒಂದು ಅಲಂಕಾರವೇ. ಗಂಡ ಆಲ್ಬರ್ಟನು ೧೮೬೧ರ ಡಿಸೆಂಬರಿನಲ್ಲಿ ಸತ್ತ ಮೇಲೆ ರಾಣಿಯು ಕೊನೆಯವರೆಗೂ ಕಪ್ಪನ್ನು ಬಿಡಲಿಲ್ಲ. ಪ್ರಜೆಗಳೂ ಅವಳನ್ನು ಅನುಸರಿಸಿದರು. ತೀರಿಕೊಂಡವರ ಕೂದಲನ್ನು ಹೆಣೆದು ಪದಕದೊಳಗಿಟ್ಟು ಧರಿಸುತ್ತಿದ್ದರು. ವಿಟ್‌ಬಿ ಎಂಬ ಕಡಲತೀರದ ಊರಿನಲ್ಲಿ ಸಿಗುವ ಕರಿಯ ಜೆಟ್ ಕಲ್ಲಿನ ಒಡವೆಗಳಿಗೆ ಎಲ್ಲಿಲ್ಲದ ಬೇಡಿಕೆ ಬಂದಿತು. ಸತ್ತವರನ್ನು ಕಬ್ಬಿಣದ ಕೋಲಿಗೆ ಒರಗಿಸಿ ನಿಲ್ಲಿಸಿ ಫೋಟೋ ತೆಗೆಯುತ್ತಿದ್ದರೆಂದು ಈಗ ಬಹಳ ಮಂದಿ ಹೇಳುವುದುಂಟು. ಅದು ಸರಿಯಲ್ಲ. ಮೃತರ ಫೋಟೋಗಳು ಇದ್ದುವು, ನಿಜ. ಅವು ಸಾಮಾನ್ಯವಾಗಿ ಮಲಗಿಸಿದ ಭಂಗಿಯವು. ಕೋಲುಗಳಿದ್ದುದು ಬದುಕಿದ್ದವರ ತಲೆ ಅಲುಗದಿರಲೆಂದು. ಆಗಿನ ಕ್ಯಾಮರಾದ ಮುಂದೆ ಬಹಳ ಹೊತ್ತು ನಿಶ್ಚಲವಾಗಿರಬೇಕಾಗುತ್ತಿತ್ತು.

ಈಗ ಕಥೆಗಳತ್ತ ಬರೋಣ. ಗಾಥಿಕ್ ಪ್ರಕಾರ ವಿಕ್ಟೋರಿಯಳಿಗಿಂತ ಹಳೆಯದು. ೧೭೬೪ರಲ್ಲಿ ಹೊರಾಸ್ ವಾಲ್ಪೋಲನ ಒಟ್ರಾಂಟೋ ಕೋಟೆಯ ಕಥೆಯಿಂದ ಅದರ ಆರಂಭವನ್ನು ಎಣಿಸುತ್ತಾರೆ. ಮೇರಿ ಶೆಲ್ಲಿಯ ಫ್ರಾಂಕೆನ್‌ಸ್ಟೈನ್ ೧೮೧೮ರದು. ಇಲ್ಲಿ ವಾಚಕರು ಗಮನಿಸಬೇಕಾದ ಒಂದು ವಿವರವಿದೆ. ಸಿನಿಮಾ ನೋಡಿದವರು ಆ ವಿಕೃತ ಜೀವಿಯನ್ನು ಚಪ್ಪಟೆ ತಲೆಯ ಬೊಂಬೆಯೆಂದೇ ತಿಳಿದಿರುತ್ತಾರೆ. ಪುಸ್ತಕದಲ್ಲಿ ವಿಜ್ಞಾನಿಯು ಅದಕ್ಕಾಗಿ ಸುಂದರವಾದ ಅವಯವಗಳನ್ನೇ ಆರಿಸಿರುತ್ತಾನೆ: ಹೊಳೆಯುವ ನೀಳವಾದ ಕರಿಗೂದಲು, ಮುತ್ತಿನಂತಹ ಹಲ್ಲು. ಆ ಚೆಲುವೆಲ್ಲ ಹಳದಿ ಚರ್ಮದ, ನೀರುಗಣ್ಣಿನ, ಕಪ್ಪುತುಟಿಯ ಮುಖದಲ್ಲಿ ಕೂಡಿಬಂದಾಗಲೇ ಭಯ ಹುಟ್ಟುತ್ತದೆ.

ಮುಂದೆ ಐರ್ಲೆಂಡಿನ ಲೆ ಫಾನು ೧೮೭೨ರ ಹೊತ್ತಿಗೆ ಕಾರ್ಮಿಲ್ಲಾ ಎಂಬ ರಕ್ತಪಿಪಾಸುವನ್ನು ಸುಂದರಿಯಾದ, ಬಳಲಿದಂತೆ ಕಾಣುವ ತರುಣಿಯಾಗಿ ಚಿತ್ರಿಸಿದನು. ಅದೇ ನಾಡಿನ ಬ್ರಾಂ ಸ್ಟೋಕರ್ ೧೮೯೦ರಲ್ಲಿ ವಿಟ್‌ಬಿಯಲ್ಲಿ ತಂಗಿದ್ದು, ತನ್ನ ಡ್ರಾಕುಲಾ ಕಾದಂಬರಿಯಲ್ಲಿ ಆ ಪಿಶಾಚಿಯ ಹಡಗನ್ನು ಅಲ್ಲಿಯೇ ದಡಕ್ಕೆ ತಂದನು. ಶೋಕದ ಕರಿಗಲ್ಲಿನ ಊರಿಗೇ. ಪುಸ್ತಕ ೧೮೯೭ರಲ್ಲಿ ಹೊರಬಂದಿತು. ಅದರೊಳಗಿನ ಲೂಸಿಯು ದಿನದಿನಕ್ಕೆ ಬಿಳಿಚಿ, ಉಸಿರಿಗೆ ಕಷ್ಟಪಟ್ಟು, ಕರಗಿ ಸಾಯುವ ಪರಿಯನ್ನು ಓದಿದ ಅಂದಿನ ಯಾವ ಸಂಸಾರಸ್ಥನಿಗೂ ತನ್ನ ಮನೆಯ ಕ್ಷಯರೋಗಿಯ ನೆನಪಾಗದೆ ಇರಲಾರದು. ಸತ್ತ ಮೇಲೆ ಶವಪೆಟ್ಟಿಗೆಯಲ್ಲಿ ಅವಳು ಬದುಕಿದ್ದಾಗಿಗಿಂತ ಹೆಚ್ಚು ಸುಂದರಿಯಾಗಿರುತ್ತಾಳೆ. ಕೆನ್ನೆಗೆ ಬಣ್ಣ ಬಂದಿದೆ, ತುಟಿ ಮೊದಲಿಗಿಂತ ಕೆಂಪಾಗಿದೆ. ಅಲ್ಲಿಂದ ಮುಂದಿನದೆಲ್ಲ ಭೀಕರ.

ಇದು ಬರಿಯ ಕಥೆಯೆನ್ನುವಂತಿಲ್ಲ. ಅಮೆರಿಕದ ರೋಡ್ ಐಲೆಂಡಿನಲ್ಲಿ ಮರ್ಸಿ ಬ್ರೌನ್ ಎಂಬ ಹತ್ತೊಂಬತ್ತು ವಯಸ್ಸಿನ ಹುಡುಗಿ ೧೮೯೨ರ ಜನವರಿಯಲ್ಲಿ ಕ್ಷಯದಿಂದ ಸತ್ತಳು. ತಾಯಿಯೂ ಅಕ್ಕನೂ ಮೊದಲೇ ಅದರಿಂದ ಹೋಗಿದ್ದರು; ಅಣ್ಣ ಹಾಸಿಗೆ ಹಿಡಿದಿದ್ದನು. ಸತ್ತವರಲ್ಲೊಬ್ಬರು ಅವನ ನೆತ್ತರನ್ನು ಹೀರುತ್ತಿದ್ದಾರೆಂದು ನೆರೆಯವರು ಶಂಕಿಸಿ ಮಾರ್ಚಿಯಲ್ಲಿ ಗೋರಿಗಳನ್ನು ತೋಡಿದರು. ಚಳಿಗಾಲದ ಹಿಮದಲ್ಲಿ ಅವಳ ದೇಹ ಕೆಡದೆ ಉಳಿದಿತ್ತು. ಹೃದಯವನ್ನು ಸುಟ್ಟು ಬೂದಿಯನ್ನು ನೀರಿನಲ್ಲಿ ಕದಡಿ ಅಣ್ಣನಿಗೆ ಕುಡಿಸಿದರು. ಎರಡು ತಿಂಗಳಲ್ಲಿ ಅವನೂ ಸತ್ತನು. ಕೋಕನ ಸಂಶೋಧನೆಯಾಗಿ ಆಗಲೇ ಹತ್ತು ವರ್ಷಗಳಾಗಿದ್ದುವು. ಅಮೆರಿಕದ ಇಂತಹ ಘಟನೆಗಳನ್ನು ಕುರಿತ ಪತ್ರಿಕೆಯ ತುಣುಕೊಂದು ಸ್ಟೋಕರನ ಕಾಗದಪತ್ರಗಳಲ್ಲಿ ದೊರೆತಿದೆ.

ಸ್ಟೋಕರನ ಜೀವನೋಪಾಯ ಬರೆವಣಿಗೆಯಾಗಿರಲಿಲ್ಲ. ಅವನು ೧೮೭೮ರಿಂದ ಲಂಡನ್ನಿನ ಲೈಸಿಯಮ್ ನಾಟಕಶಾಲೆಯ ವ್ಯವಸ್ಥಾಪಕ, ಮಹಾನಟ ಹೆನ್ರಿ ಅರ್ವಿಂಗನ ಬಲಗೈ. ಮುಖವರ್ಣಿಕ ಅಲ್ಲಿ ಹೇಗೆ ನಡೆಯುತ್ತಿತ್ತೆಂಬುದನ್ನು ತಿಳಿಯಲು ಮೊದಲು ದೀಪವನ್ನು ತಿಳಿಯಬೇಕು. ಸವಾಯ್ ನಾಟಕಶಾಲೆಗೆ ೧೮೮೧ರಲ್ಲಿಯೇ ವಿದ್ಯುದ್ದೀಪ ಬಂದಿದ್ದರೂ ಅರ್ವಿಂಗನು ಗ್ಯಾಸಿನ ಮಂದಬೆಳಕನ್ನು ಬಿಡಲೊಲ್ಲನು. ಅದರ ಜೊತೆಗೆ ಸುಣ್ಣದ ದೀಪ: ಆಮ್ಲಜನಕ ಜಲಜನಕಗಳ ಜ್ವಾಲೆಯಲ್ಲಿ ಸುಣ್ಣದ ತುಂಡನ್ನು ಕಾಯಿಸಿದಾಗ ಬರುವ ಪ್ರಖರವಾದ ಬಿಳಿ ಬೆಳಕು. ರಂಗದ ಅಂಚಿನಲ್ಲಿ ಕೆಳಗಿನಿಂದ ಬೀಳುವ ದೀಪಗಳು ಮುಖದ ನೆರಳನ್ನು ತಲೆಕೆಳಗು ಮಾಡುತ್ತವೆ. ಗದ್ದ ಬೆಳಗಿ ಹುಬ್ಬಿನ ಮೇಲೆ ಕತ್ತಲೆ ನಿಲ್ಲುತ್ತದೆ. ಇದನ್ನು ತಿದ್ದಲು ಬಣ್ಣ ಬೇಕು. ತಿದ್ದದೆ ಬಿಟ್ಟರೆ ಅದೇ ಭಯಾನಕ. ಬರ್ಲಿನ್ನಿನ ಗಾಯಕ ಲುಡ್ವಿಗ್ ಲೈಕ್ನರ್ ೧೮೭೩ರಲ್ಲಿ ಆರಂಭಿಸಿದ ಕಾರ್ಖಾನೆಯ ಜಿಡ್ಡುಬಣ್ಣದ ಕಡ್ಡಿಗಳು ಸೀಸದ ವಿಷದಿಂದ ನಟರನ್ನು ಪಾರುಮಾಡಿದುವು. ಕಡ್ಡಿಗಳಿಗೆ ಅಂಕೆಗಳಿದ್ದುವು, ದಂತವರ್ಣದ ಐದನ್ನೂ ಇಟ್ಟಿಗೆಗೆಂಪಿನ ಒಂಬತ್ತನ್ನೂ ಬೆರಸುವುದು ಆಂಗ್ಲ ನಟರ ಬಾಯಿಪಾಠವಾಯಿತು.

ಈ ಲೈಸಿಯಮ್ ರಂಗದ ಮೇಲೆ ೧೮೮೮ರಲ್ಲಿ ಎರಡು ನಾಟಕಗಳು ನಡೆದುವು. ಆಗಸ್ಟಿನಲ್ಲಿ ಅಮೆರಿಕದಿಂದ ಬಂದ ರಿಚರ್ಡ್ ಮ್ಯಾನ್ಸ್‌ಫೀಲ್ಡ್ ಸ್ಟೀವನ್ಸನ್ನನ ಜೆಕಿಲ್ ಮತ್ತು ಹೈಡ್ ಪಾತ್ರಗಳೆರಡನ್ನೂ ತಾನೊಬ್ಬನೇ ಅಭಿನಯಿಸಿದನು. ಪ್ರೇಕ್ಷಕರ ಕಣ್ಣೆದುರಿನಲ್ಲಿಯೇ, ದೀಪದ ಬದಲಾವಣೆಯ ನೆರವಿನಿಂದ, ಬೆನ್ನು ಬಾಗಿಸಿ ಮುಖ ಸೊಟ್ಟಗೆ ಮಾಡಿ ರಾಕ್ಷಸನಾಗುತ್ತಿದ್ದನು. ಆ ತಿಂಗಳ ಕೊನೆಯಲ್ಲಿ ವೈಟ್‌ಚಾಪೆಲ್ಲಿನ ಹೆಂಗಸರ ಕೊಲೆಗಳು ಆರಂಭವಾದಾಗ, ಇಂಥ ಮುಖ ಮಾಡಬಲ್ಲವನೇ ಕೊಲೆಗಾರನಿರಬೇಕೆಂದು ಶಂಕಿಸಿದವರೂ ಇದ್ದರು! ಡಿಸೆಂಬರಿನಲ್ಲಿ ಅರ್ವಿಂಗನ ಮ್ಯಾಕ್‌ಬೆತ್. ಎಲೆನ್ ಟೆರಿ ರಾಣಿಯ ಪಾತ್ರಕ್ಕೆ ತೊಟ್ಟ ಹಸುರು ಉಡುಪಿನ ಮೇಲೆ ಸುಮಾರು ಸಾವಿರ ಜೀರುಂಡೆಗಳ ಹೊಳೆಯುವ ರೆಕ್ಕೆಚಿಪ್ಪುಗಳನ್ನು ಹೊಲಿದಿದ್ದರು. ಆ ಕಸೂತಿಯ ರೀತಿ ಭಾರತದಿಂದ ಆಂಗ್ಲರಿಗೆ ಪರಿಚಯವಾದುದು. ಮೊಣಕಾಲಿನವರೆಗೆ ಇಳಿದ ಎರಡು ಕೆಂಪು ಜಡೆಗಳು; ಬಿಳಿಯ ಮುಖ; ಅರಳಿದ ಕಣ್ಣು. ಸಾರ್ಜೆಂಟನು ೧೮೮೯ರಲ್ಲಿ ಬರೆದ ಚಿತ್ರದಲ್ಲಿ ಆಕೆ ಕಿರೀಟವನ್ನು ತಲೆಯ ಮೇಲೆತ್ತಿ ನಿಂತಿದ್ದಾಳೆ. ಆ ಮುಖವನ್ನು ಸುಂದರವೆನ್ನಬೇಕೆ, ಭಯಂಕರವೆನ್ನಬೇಕೆ? ಬಣ್ಣ ಹಚ್ಚುವವರು ಅದನ್ನು ನೋಡಿದಷ್ಟೂ ಲಾಭವುಂಟು.

ನಮ್ಮ ರಂಗಕ್ಕೆ ಇದನ್ನು ತರುವವರಿಗೆ ಒಂದೆರಡು ಸೂಚನೆಗಳು. ಮುಖಕ್ಕೆ ಸುಣ್ಣ ಬಳಿದಂತೆ ಬಿಳಿ ಮೆತ್ತಿದರೆ ಅದು ನಗೆಪಾಟಲು. ಮೈಬಣ್ಣಕ್ಕಿಂತ ಒಂದೇ ಮೆಟ್ಟಿಲು ತಿಳಿಯಾದ ಬಣ್ಣವನ್ನು ಹಚ್ಚಿ, ಕಣ್ಣಿನ ಕೆಳಗೆ ಕಪ್ಪಿನ ಬದಲು ನೇರಳೆಯನ್ನು ಕಂಡೂ ಕಾಣದಂತೆ ತೀಡಿ, ಕೆನ್ನೆಯ ಎಲುಬಿಗೆ ಮಾತ್ರ ಕೆಂಪು ಕೊಟ್ಟರೆ ವಿಕ್ಟೋರಿಯಾ ಯುಗದ ಸುಂದರಿ ಬರುತ್ತಾಳೆ. ಆ ಕೆಂಪನ್ನು ಕೆನ್ನೆಯಿಂದ ಒರಸಿ ಕಣ್ಣಿನ ರೆಪ್ಪೆಯ ಅಂಚಿಗೆ ತಂದು, ನೇರಳೆಯನ್ನು ಕಪಾಲಕ್ಕೂ ಕೆನ್ನೆಯ ಗುಳಿಗೂ ಹಬ್ಬಿಸಿ, ತುರುಬಿನಿಂದ ಒಂದೇ ಎಳೆಯನ್ನು ಸಡಿಲಿಸಿ, ದೀಪವನ್ನು ಕೆಳಗಿಟ್ಟರೆ ಅವಳೇ ಗೋರಿಯಿಂದ ಎದ್ದು ಬಂದವಳು. ಟೋಪನ್ನು ಕೆದರಿ ಕೆಂಪು ಬಣ್ಣ ಸುರಿಸುವ ಅಗತ್ಯವೇ ಇಲ್ಲ.

ಚಲನಚಿತ್ರ ಬಂದ ಮೇಲೆ ಈ ವಿದ್ಯೆಗೆ ಹೊಸ ಉಪಾಯಗಳು ಸೇರಿದುವು. ಮಾಮುಲಿಯನ್ ಎಂಬ ನಿರ್ದೇಶಕನು ೧೯೩೧ರಲ್ಲಿ ಜೆಕಿಲ್ ಕಥೆಯನ್ನು ಚಿತ್ರಿಸಿದಾಗ, ನಟನ ಮುಖದ ಮೇಲೆ ಕೆಂಪು ಗೆರೆಗಳನ್ನು ಬರೆಸಿ ಕೆಂಪು ಗಾಜಿನ ಮೂಲಕ ತೆಗೆದನು. ಕಪ್ಪುಬಿಳುಪಿನ ಫಿಲ್ಮಿನಲ್ಲಿ ಅವು ಕಾಣಿಸಲಿಲ್ಲ. ಗಾಜಿನ ಬಣ್ಣವನ್ನು ಬದಲಿಸುತ್ತಲೂ ಗೆರೆಗಳು ಕಪ್ಪಾಗಿ ಮೂಡಿದುವು. ಒಳ್ಳೆಯವನ ಮುಖದ ಮೇಲೆ ದುಷ್ಟನ ಮುಖ ಮೊದಲಿನಿಂದಲೂ ಬರೆದಿತ್ತು. ಅದೇ ವರ್ಷ ಜ್ಯಾಕ್ ಪಿಯರ್ಸ್ ಎಂಬ ಪ್ರಸಾಧಕನು ಬೋರಿಸ್ ಕಾರ್ಲಾಫನಿಗೆ ಹತ್ತಿ ಮತ್ತು ಕೊಲೋಡಿಯನ್ನುಗಳಿಂದ ಚಪ್ಪಟೆ ಹಣೆಯನ್ನು ಕಟ್ಟಿ, ಹಸುರು ಬೆರೆತ ಬೂದುಬಣ್ಣವನ್ನು ಹಚ್ಚಿ, ಫ್ರಾಂಕೆನ್‌ಸ್ಟೈನನ ಜೀವಿಗೆ ಈಗ ಲೋಕಕ್ಕೆಲ್ಲ ಪರಿಚಿತವಾದ ರೂಪವನ್ನು ಕೊಟ್ಟನು.

ಆದರೆ ನಮ್ಮ ದೃಷ್ಟಿಯಲ್ಲಿ ಅವನ ಹೆಚ್ಚಿನ ಕೆಲಸವೆಂದರೆ ೧೯೩೫ರಲ್ಲಿ ಜೇಮ್ಸ್ ವೇಲ್ ನಿರ್ದೇಶಿಸಿದ, ಆ ಜೀವಿಗೆ ಹೆಣ್ಣು ತರುವ ಚಿತ್ರದ್ದು. ಅದರಲ್ಲಿ ಎಲ್ಸಾ ಲಾಂಚೆಸ್ಟರ್ ಎಂಬ ನಟಿಗೆ ಎರಡು ಪಾತ್ರಗಳು. ಮೊದಲ ದೃಶ್ಯದಲ್ಲಿ ಅವಳು ಕಥೆಗಾರ್ತಿ ಮೇರಿ ಶೆಲ್ಲಿ. ಸುರುಳಿಗೂದಲಿನ, ಬಿಳಿಯ ಉಡುಪಿನ, ಸೂಜಿದಾರ ಹಿಡಿದು ಕುಳಿತ ಸುಕುಮಾರಿ. ಕೊನೆಯ ದೃಶ್ಯದಲ್ಲಿ ಅವಳೇ ಶವಗಳಿಂದ ಕಟ್ಟಿದ ವಧು. ಆ ವಧುವಿನ ಕೂದಲನ್ನು ಈಜಿಪ್ಟಿನ ರಾಣಿ ನೆಫರ್‌ಟೀಟಿಯ ಕಿರೀಟದ ಆಕಾರಕ್ಕೆ ಮೇಲೆತ್ತಿ ನಿಲ್ಲಿಸಿ, ಎರಡೂ ಬದಿಗಳಿಗೆ ಮಿಂಚಿನಂತಹ ಬಿಳಿಯ ಪಟ್ಟಿಯೊಂದೊಂದನ್ನು ಇಟ್ಟರು. ಮುಖವನ್ನು ಕೆಡಿಸಲಿಲ್ಲ. ಬೆಳ್ಳನೆಯ ಕೆನ್ನೆ, ತಿದ್ದಿದ ಹುಬ್ಬು, ಕಪ್ಪಾಗಿ ಹೊಳೆಯುವ ತುಟಿ ಎಲ್ಲವೂ ಸುಂದರಿಯದೇ; ದವಡೆಯ ಅಂಚಿನಲ್ಲಿ ಮಾತ್ರ, ಅವಳು ತಲೆ ಹೊರಳಿಸಿದಾಗ ಕಾಣುವಂತೆ, ಹೊಲಿಗೆಯ ಒಂದು ಗೆರೆ.